ದೂರಶಿಕ್ಷಣಕ್ಕೆ ಡಿಶ್ಶೋ, ಇಂಟರ್ನೆಟ್ಟೋ?

ಪ್ರಶ್ನೆ: ಮೊಬೈಲಿನಲ್ಲೇ ಪಾಠ ಸಿಗುವಾಗ ದೂರಶಿಕ್ಷಣಕ್ಕೆ ಟಿ.ವಿ. ಚಾನೆಲ್ ಯಾಕೆ ಬೇಕು?

ಉತ್ತರ: ಎರಡರ ಖರ್ಚಿನ ಲೆಕ್ಕವೇ ಬೇರೆ. ಉಪಗ್ರಹದಿಂದ ಇಳಿಯುವ ಪಾಠವನ್ನು ಹತ್ತು ಮನೆ ನೋಡಲಿ, ಹತ್ತು ಲಕ್ಷ ಮನೆ ನೋಡಲಿ, ಕಳಿಸುವವರ ಖರ್ಚು ಹೆಚ್ಚುಕಡಿಮೆ ಅಷ್ಟೇ. ಇಂಟರ್ನೆಟ್ಟಿನಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಡೇಟಾ ಹರಿಯಬೇಕು. ಅದರ ದುಡ್ಡು ವಿದ್ಯಾರ್ಥಿಯ ಜೇಬಿನಿಂದಲೂ ಹೋಗುತ್ತದೆ. 2004ರಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾಗಿದ್ದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಶಾಲೆಗಳೂ ಆ ಯೋಜನೆಯ ಪಾಠ ಕೇಳಿದವು.

ತೊಡಕಿರುವುದು ಪ್ರಶ್ನೆ ಕೇಳುವುದರಲ್ಲಿ. ಮನೆಯ ಡಿಶ್ ಇಳಿಸಿಕೊಳ್ಳುತ್ತದೆ, ಕಳಿಸುವುದಿಲ್ಲ. ಮಾತಾಡಬಲ್ಲ ದುಬಾರಿ ಟರ್ಮಿನಲ್ ಇದ್ದರೂ, ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವುದರಿಂದ ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಮಾತಿನ ಮೇಲೆ ಮಾತು ಬೀಳಲು ಅಷ್ಟು ಸಾಕು. ಹಾಗಾಗಿ 2017ರಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಪಾಠಗಳ ಸ್ವಯಂ ಜಾಲತಾಣವನ್ನೂ ಡಿಶ್‌ನಲ್ಲಿ ಸಿಗುವ ಸ್ವಯಂ ಪ್ರಭಾ ಚಾನೆಲ್‌ಗಳನ್ನೂ ಒಟ್ಟಿಗೇ ಶುರುಮಾಡಿದ್ದು ಜಾಣತನವೇ.

ನನ್ನನ್ನು ಕೇಳಿದರೆ, ಅರ್ಹತೆಗಿಂತ ಹೆಚ್ಚು ಹೊಗಳಿಸಿಕೊಂಡಿರುವುದು ಲೈವ್ ವಿಡಿಯೊ ತರಗತಿ. ನೆಟ್‌ವರ್ಕ್ ಒಮ್ಮೆ ಕೈಕೊಟ್ಟರೆ ಪಾಠದ ಎಳೆಯೇ ತಪ್ಪುತ್ತದೆ. ರೆಕಾರ್ಡ್ ಆದ ಉಪನ್ಯಾಸವನ್ನಾದರೆ ನಿಲ್ಲಿಸಿ, ಹಿಂದಕ್ಕೆ ಎಳೆದು ಕೇಳಬಹುದು. ಆಗ ಭಾನುವಾರದ ಸಂಪರ್ಕ ತರಗತಿಯನ್ನು (ಮೇಷ್ಟ್ರು ಅಲ್ಲೂ ನೋಟ್ಸ್ ಬರೆಸುತ್ತ ಕೂರದಿದ್ದರೆ) ಪೂರ್ತಿ ಸಂದೇಹಗಳಿಗೂ ಪ್ರಯೋಗಗಳಿಗೂ ಬಿಡಬಹುದು.