ಬೈರಿಗೆ, ಬೈರಾಸು ಮತ್ತು ಗೂಡುದೀಪ

ದೀಪಾವಳಿಗೆ ಎರಡೇ ದಿನ ಇತ್ತು. ಕಾಪುವಿನ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗಳು ಗೂಡುದೀಪ ಮಾಡಲು ಕುಳಿತಿದ್ದಳು. ಬಿದಿರಿನ ಕಡ್ಡಿಗಳಿಗೆ ತೂತು ಬೇಕಿತ್ತು. ಅವಳಪ್ಪ ಕರೆಂಟಿನ ಡ್ರಿಲ್ಲು ತಂದು ಗುಂಡಿ ಒತ್ತಿದ್ದೇ ತಡ, ಕಡ್ಡಿ ಉದ್ದಕ್ಕೆ ಸೀಳಿತು. ಎರಡನೆಯದೂ ಸೀಳಿತು. ಮೂರನೆಯದಕ್ಕೆ ಕೈಹಾಕುವಾಗ ಕರೆಂಟೇ ಹೋಯಿತು.

"ಅಜ್ಜ, ಇನ್ನೆಂತ ಮಾಡುವುದು?"

ಅಟ್ಟದಿಂದ ನನ್ನ ಹಳೆಯ ಕೈ ಡ್ರಿಲ್ಲು ಇಳಿಸಿದೆ. 1979ರಲ್ಲಿ ಕಾರ್ಕಳದ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಕೊಂಡದ್ದು. ಆಗ ದಿನದ ವೋಚರುಗಳನ್ನು ಕಟ್ಟು ಮಾಡಿ, ತೂತು ಕೊರೆದು, ದಾರದಲ್ಲಿ ಹೊಲಿದಿಡುತ್ತಿದ್ದೆವು. ದಬ್ಬಣ ಚುಚ್ಚಿ ಚುಚ್ಚಿ ಅಂಗೈಯಲ್ಲಿ ಬೊಬ್ಬೆ ಎದ್ದ ಮೇಲೆ ಸ್ವಂತ ದುಡ್ಡಿನಲ್ಲಿ ಇದನ್ನು ತಂದಿದ್ದೆ.

ಹಿಡಿ ತಿರುಗಿಸಿದರೆ ಅಲುಗಲೇ ಇಲ್ಲ. ತಪ್ಪು ನನ್ನದೇ. ವರ್ಷಗಳ ಹಿಂದೆ ಕೈಗೆ ಸಿಕ್ಕಿದ ತೆಂಗಿನೆಣ್ಣೆ ಸವರಿ ಇಟ್ಟಿದ್ದೆ. ಅದು ಹಳತಾಗಿ ಅಂಟಾಗಿತ್ತು, ಅಂಟಿಗೆ ಧೂಳು ಮೆತ್ತಿತ್ತು. ಬಿಟ್ಟನ್ನು ತೆಗೆಯದೆ ಇಟ್ಟದ್ದರಿಂದ ಕಡಲ ಗಾಳಿಗೆ ತುಕ್ಕು ಬೇರೆ.

ಇಬ್ಬರೂ ಸೇರಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚಕ್ರಗಳನ್ನು ಉಜ್ಜಿದೆವು. ತುಕ್ಕಿಗೆ ಮರಳು ಕಾಗದ. ಒರೆಸಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೆರಡೇ ಹನಿ. ಚಕ್ರ ಗರಗರ ತಿರುಗಿತು.

"ದೊಡ್ಡ ಚಕ್ರದ ಹಲ್ಲು ಎಣಿಸು" ಎಂದೆ. ಅರುವತ್ತು. ಸಣ್ಣದರಲ್ಲಿ ಹದಿನೈದು. ಹಾಗಾದರೆ ಹಿಡಿ ಒಂದು ಸುತ್ತು ಬಂದರೆ ಬಿಟ್ ನಾಲ್ಕು ಸುತ್ತು. ಲೆಕ್ಕ ಅವಳೇ ಹೇಳಿದಳು.

ಇದಕ್ಕೂ ಮೊದಲು ಆಚಾರಿಗಳ ಬಳಿ ಇದ್ದದ್ದು ಬೈರಿಗೆ. ಹಗ್ಗ ಸುತ್ತಿ ಅತ್ತಿತ್ತ ಎಳೆದು ಮಜ್ಜಿಗೆ ಕಡೆದ ಹಾಗೆಯೇ ಅದರ ಕೆಲಸ. ಇಂದಿನ ಪಾಕಿಸ್ತಾನದ ಮೆಹರ್‌ಗಢದಲ್ಲಿ ಏಳೂವರೆ ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನ ಮೊನೆಯಿಂದ ಬದುಕಿದ್ದವರ ದವಡೆ ಹಲ್ಲುಗಳನ್ನೇ ಕೊರೆದಿದ್ದರು ಎಂದಾಗ ಅವಳು ಕೆನ್ನೆ ಮುಚ್ಚಿಕೊಂಡಳು. ಕೈಯಲ್ಲಿ ಹಿಡಿಯುವ ಕರೆಂಟಿನ ಡ್ರಿಲ್ಲನ್ನು ಜರ್ಮನಿಯ ಫೈನ್ ಕಂಪೆನಿ 1895ರಲ್ಲಿ ತಯಾರಿಸಿತು. ಪಿಸ್ತೂಲಿನಂಥ ಹಿಡಿ, ಬೆರಳಲ್ಲಿ ಒತ್ತುವ ಗುಂಡಿ ಇರುವುದಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು.

"ಮಗುವಿನ ಕೈಗೆ ಕೊಡಬೇಡಿ" ಎಂದು ಒಳಗಿನಿಂದ ನನ್ನಾಕೆಯ ದನಿ. ಅವಳ ಹೆದರಿಕೆಗೆ ಕಾರಣವಿದೆ. ಇಪ್ಪತ್ತು ವರ್ಷದ ಹಿಂದೆ ಕರೆಂಟಿನ ಡ್ರಿಲ್ಲು ಓಡುವಾಗ ನನ್ನ ಹೆಗಲ ಬೈರಾಸು ಅದಕ್ಕೆ ಸುತ್ತಿಕೊಂಡು ಮಣಿಕಟ್ಟು ಉಳುಕಿತ್ತು. ತಿಂಗಳು ಕಾಲ ಅನ್ನ ಕಲಸಿ ಕೊಟ್ಟವಳು ಅವಳೇ. ಆದುದರಿಂದ ಮೊದಲು ಮೊಮ್ಮಗಳ ಜಡೆ ಎತ್ತಿ ಕಟ್ಟಿದೆ. ಸಡಿಲ ತೋಳು, ಬೈರಾಸು, ಕೈಚೀಲ ಯಾವುದೂ ತಿರುಗುವ ಬಿಟ್ಟಿನ ಹತ್ತಿರ ಬರಬಾರದು.

ಕಡ್ಡಿಯ ಕೆಳಗೆ ಮರದ ತುಂಡು ಇಟ್ಟು, ಸಣ್ಣ ಬಿಟ್ ಹಾಕಿ ಅವಳೇ ತಿರುಗಿಸಿದಳು. "ಅಜ್ಜ, ಈಗ ಹಗುರ ಆಯ್ತು!" ಎಂದಳು. ತೂತು ಆಚೆ ಬದಿಗೆ ಬಂತೆಂದು ಅಂಗೈಗೆ ಗೊತ್ತಾದದ್ದು ಹಾಗೆ. ಅಲ್ಲಿ ಒತ್ತಡ ಕಡಿಮೆ ಮಾಡಬೇಕು. ಕಡ್ಡಿ ಸೀಳಲಿಲ್ಲ.

ಕರೆಂಟ್ ಬಂದ ಮೇಲೆ ಮಗನಿಗೂ ನಾಲ್ಕು ಮಾತು ಹೇಳಿದೆ. ಬಿಟ್ ಬದಲಿಸುವ ಮೊದಲು ಪ್ಲಗ್ ಕೀಳಬೇಕು. ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ಕನ್ನು ಮೂರೂ ತೂತಿನಲ್ಲಿ ಕೀಲಿ ಹಾಕಿ ಬಿಗಿಯಬೇಕು. ಗಾಳಿಕಿಂಡಿಯ ಧೂಳು ತೆಗೆಯಬೇಕು. ಒಳಗೆ ಕಿಡಿ ಹೆಚ್ಚಾಗಿ ಶಕ್ತಿ ಕುಂದಿದರೆ ಹೆಚ್ಚಾಗಿ ಕಾರ್ಬನ್ ಬ್ರಷ್ ಸವೆದಿರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಸಾಕು, ಹೊಸ ಡ್ರಿಲ್ಲು ಬೇಡ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಲೇಬಾರದು; ಗೋಡೆಯೊಳಗೆ ವಯರ್ ಇರುತ್ತದೆ. ಕಾರ್ಕಳದ ಗೊಮ್ಮಟನಂಥ ಗಟ್ಟಿ ಶಿಲೆಯಾದರೆ ಹ್ಯಾಮರ್ ಬೇಕು. ನಮ್ಮ ಮುರಕಲ್ಲಿನ ಗೋಡೆ ಅದರ ಪೆಟ್ಟಿಗೆ ಉದುರುತ್ತದೆ.

ಸಂಜೆ ಗೂಡುದೀಪ ಅಂಗಳದಲ್ಲಿ ಏರಿತು. ನನ್ನಾಕೆ ಬಂದು ಮೊದಲು ನೋಡಿದ್ದು ದೀಪವನ್ನಲ್ಲ, ಮೊಮ್ಮಗಳ ಹತ್ತು ಬೆರಳುಗಳನ್ನು. ಆಮೇಲೆ ನಕ್ಕಳು.

ಮಕ್ಕಳೇ, ನಿಮ್ಮ ಅಜ್ಜನ ಅಟ್ಟದಲ್ಲೂ ಇಂಥ ಪೆಟ್ಟಿಗೆ ಇರಬಹುದು. ಕೇಳಿ ನೋಡಿ. ನಮ್ಮ ಡ್ರಿಲ್ಲು ಈಗ ಅಟ್ಟದಲ್ಲಿಲ್ಲ. ಮಳೆಗಾಲಕ್ಕೆ ಮೊದಲು ಅದಕ್ಕೆ ಎಣ್ಣೆ ಬಿಡುವ ಕೆಲಸ ಮೊಮ್ಮಗಳದ್ದು. ತೆಂಗಿನೆಣ್ಣೆ ಮಾತ್ರ ಅಲ್ಲ.