ರೈತನೂ ಊರಿನ ಗ್ರಂಥಾಲಯವೂ

ನಮ್ಮ ರೈತ ಬಾಂಧವರು ಗ್ರಾಮ ಪಂಚಾಯಿತಿಗೆ ಮನೆ ಕಂದಾಯವನ್ನು ಸಲ್ಲಿಸುವಾಗ ಅದರ ಮೇಲೆ ನೂರಕ್ಕೆ 6 ರೂಪಾಯಿಯಂತೆ ಗ್ರಂಥಾಲಯ ಕರವನ್ನೂ ತೆರುತ್ತಿರುವರಷ್ಟೆ. ಹೀಗೆ ವರ್ಷವರ್ಷವೂ ಹಣ ತೆತ್ತು, ಆ ಗ್ರಂಥಾಲಯದ ಹೊಸ್ತಿಲನ್ನು ಒಮ್ಮೆಯೂ ತುಳಿಯದವರು ಬಹು ಮಂದಿ. ಓದು ಬಲ್ಲವರಿಗಾಯಿತು, ನಮಗೇನು ಎಂಬುದು ಅವರ ಮಾತು.

ಕಳೆದ ಮುಂಗಾರಿನಲ್ಲಿ ಈ ಲೇಖಕನು ಒಂದು ಹಳ್ಳಿಯ ಗ್ರಂಥಾಲಯದಲ್ಲಿ ಕುಳಿತಿದ್ದಾಗ, ವೃದ್ಧ ರೈತರೊಬ್ಬರು ಕೀಟನಾಶಕದ ಡಬ್ಬಿಯನ್ನೂ ಅದರೊಡನೆ ಬಂದ ಕರಪತ್ರವನ್ನೂ ಹಿಡಿದು ಬಂದರು. ಅವರಿಗೆ ಓದು ಬಾರದು. ಗ್ರಂಥಾಲಯದ ಮೇಲ್ವಿಚಾರಕಿಯು ಒಂದು ಲೀಟರು ನೀರಿಗೆ ಎಷ್ಟು ಬೆರಸತಕ್ಕದ್ದು, ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯತಕ್ಕದ್ದು ಎಂಬುದನ್ನೆಲ್ಲ ಓದಿ ಹೇಳಿದರು. ಡಬ್ಬಿಯ ಮೇಲಿನ ಕೆಂಪು ಗುರುತು ಅತಿ ತೀವ್ರವಾದ ವಿಷದ ಸೂಚನೆಯೆಂದೂ, ಹಳದಿ, ನೀಲಿ, ಹಸಿರು ಗುರುತುಗಳಲ್ಲಿ ವಿಷವು ಕ್ರಮವಾಗಿ ಕಡಮೆಯೆಂದೂ ವಿವರಿಸಿದರು. "ಇಷ್ಟು ದಿನ ಇದರ ಇಮ್ಮಡಿ ಹಾಕುತ್ತಿದ್ದೆನಲ್ಲ, ತಾಯಿ" ಎಂದು ಆ ವೃದ್ಧರು ಬಹಳ ಹೊತ್ತು ಸುಮ್ಮನೆ ಕುಳಿತುಬಿಟ್ಟರು. ಇದಕ್ಕಾಗಿ ಅವರು ಒಂದು ಕಾಸನ್ನೂ ಕೊಡಬೇಕಾಗಲಿಲ್ಲ. (ಯಾವ ಔಷಧವನ್ನು ಹೊಡೆಯಬೇಕೆಂಬುದನ್ನು ಮಾತ್ರ ರೈತ ಸಂಪರ್ಕ ಕೇಂದ್ರದಲ್ಲಿಯೇ ಕೇಳತಕ್ಕದ್ದು.)

ಇನ್ನು ಪೇಟೆ ಧಾರಣೆಯ ವಿಷಯ. ದಲ್ಲಾಳಿಯು ಹೊಲದ ಬದುವಿಗೆ ಬಂದು ಹೇಳಿದ ಬೆಲೆಯನ್ನೇ ನಂಬಿ ಮಾರಿ, ಆಮೇಲೆ ಮರುಗುವವರನ್ನು ನಾವು ಕಾಣುತ್ತಲೇ ಇದ್ದೇವೆ. ತಿಪಟೂರಿನ ಕೊಬ್ಬರಿ, ಶಿವಮೊಗ್ಗದ ಅಡಿಕೆ ಮುಂತಾದವುಗಳ ಧಾರಣೆಯು ದಿನಪತ್ರಿಕೆಯಲ್ಲಿ ಬರುತ್ತದೆ. ಆ ಪತ್ರಿಕೆಯು ಗ್ರಂಥಾಲಯದ ಮೇಜಿನ ಮೇಲೆಯೇ ಇರುತ್ತದೆ. ಗಣಕಯಂತ್ರವಿರುವ ಗ್ರಂಥಾಲಯಗಳಲ್ಲಿ ತಮ್ಮ ಪಹಣಿಯ ವಿವರವನ್ನೂ ನೋಡಿಕೊಳ್ಳಬಹುದು.

ಈ ಏರ್ಪಾಡೆಲ್ಲವೂ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಿಂದ ಬೆಳೆದು ಬಂದುದು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದುವು. ಈಗ ಅವುಗಳಿಗೆ ಅರಿವು ಕೇಂದ್ರವೆಂದು ಹೆಸರು. ಮರುವರ್ಷ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವವು ಉಚಿತವಾಗಿ ದೊರೆಯುವಂತಾಯಿತು. ಮಗಳನ್ನೋ ಮೊಮ್ಮಗನನ್ನೋ ಸದಸ್ಯರನ್ನಾಗಿ ಮಾಡಿಸಿದರೆ ಬೇಸಾಯದ ಪುಸ್ತಕವು ತಾನಾಗಿ ಮನೆಗೆ ಬರುವುದು. ರಾತ್ರಿ ಊಟವಾದ ಮೇಲೆ ಓದಿಸಿ ಕೇಳಬಹುದು. ದೊಡ್ಡವರು ಪುಸ್ತಕ ಒಯ್ಯುವ ನಿಯಮವನ್ನು ಮೇಲ್ವಿಚಾರಕರಿಂದ ತಿಳಿಯತಕ್ಕದ್ದು.

ಬೇಕಾದ ಪುಸ್ತಕವಿಲ್ಲದಿದ್ದರೆ, ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ, ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಹಾಗೆ ಕೇಳುವಾಗ ಕಂದಾಯದ ರಸೀದಿಯು ಕೈಯಲ್ಲಿದ್ದರೆ ಒಳ್ಳೆಯದು.