ಮಸ್ಕಿಯ ಬಂಡೆಯಲ್ಲಿ ಎರಡೂವರೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮಸ್ಕಿಗೆ ಶಾಲೆಯ ಪ್ರವಾಸ ಬಂದರೆ ಮೇಷ್ಟ್ರು ಹೇಳುವುದು ಒಂದೇ ಮಾತು: ‘ಅಶೋಕ’ ಎಂಬ ಹೆಸರು ಇಲ್ಲಿನ ಶಾಸನದಲ್ಲಿ ಸಿಕ್ಕಿತು; ದೇವಾನಾಂಪ್ರಿಯ ಯಾರು ಎಂಬ ಒಗಟು ಬಿಡಿಸಿತು. ಅದು ನಿಜ. 1915ರಲ್ಲಿ ಈ ಶಾಸನವನ್ನು ಕಂಡವನು ಚರಿತ್ರೆಕಾರನೂ ಅಲ್ಲ, ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಆದರೆ ಗಣಿತದ ಮೇಷ್ಟ್ರು ಜೊತೆಗೆ ಬಂದಿದ್ದರೆ ಅವರು ಹೆಸರನ್ನು ಬಿಟ್ಟು ಅದರ ಮುಂದಿನ ಪದವನ್ನು ಹುಡುಕಬೇಕು. ಅಲ್ಲೊಂದು ಸಂಖ್ಯೆ ಇದೆ.

‘ಅಢತಿಯಾನಿ ವಸಾನಿ’ ಎಂದು ವಿದ್ವಾಂಸರು ಅದನ್ನು ಓದಿದ್ದಾರೆ. ಬೌದ್ಧನಾಗಿ ಎರಡೂವರೆ ವರ್ಷವಾಯಿತು ಎಂದು ರಾಜ ಹೇಳಿಕೊಳ್ಳುತ್ತಿದ್ದಾನೆ. ಅಢತಿಯ ಎಂದರೆ ಸಂಸ್ಕೃತದ ‘ಅರ್ಧತೃತೀಯ’, ಅಂದರೆ ಅರ್ಧ ಮೂರನೆಯದು. ಮೊದಲನೆಯದು ಪೂರ್ತಿ, ಎರಡನೆಯದು ಪೂರ್ತಿ, ಮೂರನೆಯದು ಮಾತ್ರ ಅರ್ಧ. ನಾವು ಕನ್ನಡದಲ್ಲಿ ಎರಡಕ್ಕೆ ಅರೆ ಕೂಡಿಸಿ ಎರಡೂವರೆ ಎನ್ನುತ್ತೇವೆ. ಅಶೋಕನ ಲಿಪಿಕಾರ ಮೂರರ ಕಡೆಯಿಂದ ಎಣಿಸುತ್ತಾನೆ. ಜರ್ಮನರು ಇಂದಿಗೂ ಗಡಿಯಾರದ ಎರಡೂವರೆಯನ್ನು ‘ಅರ್ಧ ಮೂರು’ ಎಂದೇ ಹೇಳುತ್ತಾರೆ.

ಶಾಸನ ಮುಗಿಯುವಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ: ‘ದಿಯಢಿಯ’, ಒಂದೂವರೆ. ಧರ್ಮದ ಈ ಕೆಲಸ ಒಂದೂವರೆ ಪಟ್ಟು ಬೆಳೆಯಲಿ ಎಂಬುದು ರಾಜನ ಆಸೆ. ಈಗ ಬಂಡೆಯಿಂದ ಇಳಿದು ಊರಿನ ಸಂತೆಗೆ ಬನ್ನಿ. ಉರ್ದು ಮಾತಾಡುವ ವ್ಯಾಪಾರಿ ‘ಡೇಢ್ ಕಿಲೋ’, ‘ಢಾಯಿ ಕಿಲೋ’ ಎಂದು ತೂಗುತ್ತಾನೆ. ಆ ಡೇಢ್ ಅದೇ ದಿಯಢಿಯ; ಆ ಢಾಯಿ ಅದೇ ಅಢತಿಯ. ಉತ್ತರ ಕರ್ನಾಟಕದ ಕನ್ನಡದಲ್ಲಿ ನೂರೈವತ್ತಕ್ಕೆ ‘ದೀಡನೂರು’ ಎನ್ನುವವರ ಬಾಯಲ್ಲೂ ಅದೇ ಇದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕಿ ಸವೆಯುತ್ತ ಬಂದ ಎರಡು ಪದಗಳು, ಬಂಡೆಯ ಮೇಲೂ ಉಂಟು, ತಕ್ಕಡಿಯ ಪಕ್ಕದಲ್ಲೂ ಉಂಟು. ಮರಾಠಿ ಶಾಲೆಗಳಲ್ಲಿ ಹಿಂದೆ ಪಾವಕಿ, ದಿಡಕಿ, ಅಡೀಚಕಿ ಎಂಬ ಭಿನ್ನರಾಶಿಯ ಮಗ್ಗಿಗಳಿದ್ದವು; ‘ಔಟಕಿ’ ಎಂಬ ಮೂರೂವರೆಯ ಮಗ್ಗಿಯೂ ಇತ್ತು. ಔಟ ಎಂದರೆ ಅರ್ಧ ನಾಲ್ಕನೆಯದು. ಕ್ರಮ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದ ಭಿನ್ನರಾಶಿಗಳೂ ಕಡಿಮೆ ಚೆಂದವಲ್ಲ. ಕಾಲು ಎಂದರೆ ನಾಲ್ಕರಲ್ಲಿ ಒಂದು. ದನಕ್ಕೆ, ಮಂಚಕ್ಕೆ ನಾಲ್ಕು ಕಾಲು ತಾನೆ? ಮೂರು ಕಾಲು ಸೇರಿದರೆ ಮುಕ್ಕಾಲು. ಹದಿನಾರರಲ್ಲೊಂದು ವೀಸ. ಬಹುಪಾಲು ಮುಗಿದ ಕೆಲಸಕ್ಕೆ ಹಿರಿಯರು ‘ಮುಕ್ಕಾಲು ಮೂರು ವೀಸ’ ಆಯಿತು ಎನ್ನುತ್ತಿದ್ದರು. ಲೆಕ್ಕ ಹಾಕಿ ನೋಡಿ: ಹದಿನಾರರಲ್ಲಿ ಹನ್ನೆರಡು, ಅದಕ್ಕೆ ಮೂರು ಕೂಡಿದರೆ ಹದಿನೈದು. ಇನ್ನೊಂದೇ ವೀಸ ಬಾಕಿ! ಛೇದ ಬೇರೆಯಾದ ಎರಡು ಭಿನ್ನರಾಶಿಗಳ ಸಂಕಲನವನ್ನು ಅಜ್ಜಿ ಒಂದೇ ಉಸಿರಿಗೆ ಮಾಡುತ್ತಿದ್ದಳು. ಮೊಮ್ಮಗ ಅದೇ ಲೆಕ್ಕಕ್ಕೆ ಟ್ಯೂಷನ್ ಹೋಗುತ್ತಾನೆ.

ತೊಂದರೆ ಇರುವುದು ಇಲ್ಲಿಯೇ. ಗಣಿತವನ್ನು ಕಬ್ಬಿಣದ ಕಡಲೆ ಎನ್ನುವ ಮಕ್ಕಳಲ್ಲಿ ಅನೇಕರು ಸೋಲುವುದು ಲೆಕ್ಕಕ್ಕಲ್ಲ, ಮಾತಿಗೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗಿ ‘ಕರಣಿ’, ‘ವಿಕರ್ಣ’, ‘ಲ.ಸಾ.ಅ.’ ಎಂಬುವನ್ನು ಅರ್ಥ ಕೇಳದೆ ಉರು ಹಚ್ಚಿರುತ್ತಾಳೆ. ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ದಿನವೇ ಅವೆಲ್ಲ ಇಂಗ್ಲಿಷ್ ವೇಷದಲ್ಲಿ ಬರುತ್ತವೆ. ಉರು ಹಚ್ಚಿದ್ದು ದಂಡ, ಹೊಸದನ್ನು ಮತ್ತೆ ಉರು ಹಚ್ಚಬೇಕು. ಮಗಳಿಗೆ ಗಣಿತ ತಲೆಗೆ ಹತ್ತುವುದಿಲ್ಲ ಎಂದು ತಂದೆ ತಾಯಿ ತೀರ್ಮಾನಿಸಿ ಅವಳ ಓದಿನ ದಾರಿಯನ್ನೇ ಬದಲಿಸಿಬಿಡುತ್ತಾರೆ.

ಆ ಇಂಗ್ಲಿಷ್ ಪದಗಳು ಇಂಗ್ಲಿಷರಿಗಾದರೂ ಅರ್ಥವಾಗುತ್ತವೆಯೇ? ‘ಸೈನ್’ ಎಂಬುದನ್ನು ನೋಡಿ. ವೃತ್ತದ ಕಂಸ ಬಿಲ್ಲಿನಂತೆ. ಅದರ ಎರಡು ತುದಿಗಳನ್ನು ಜೋಡಿಸುವ ಗೆರೆ ಬಿಲ್ಲಿನ ಹೆದೆ, ಅಂದರೆ ಜ್ಯಾ. ಆರ್ಯಭಟ 499ರಲ್ಲಿ ಅರ್ಧ ಜ್ಯಾಗಳ ಕೋಷ್ಟಕ ಕೊಟ್ಟ. ಜ್ಯಾ, ಜೀವಾ ಎಂಬ ಮಾತು ಅರಬ್ಬರ ಕೈಯಲ್ಲಿ ‘ಜೀಬಾ’ ಆಯಿತು. ಅರಬ್ಬಿಯಲ್ಲಿ ಸ್ವರಗಳನ್ನು ಬರೆಯದೆ ಬಿಡುವುದುಂಟು. ಓದುವವರು ಅದನ್ನು ‘ಜೈಬ್’ ಎಂದು ಓದಿಕೊಂಡರು. ಜೈಬ್ ಎಂದರೆ ಉಡುಪಿನ ಎದೆಯ ಮಡಿಕೆ. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್‌ಗೆ ತಂದವರು ಅದನ್ನು ‘ಸೈನಸ್’ ಎಂದು ಅನುವಾದಿಸಿದರು. ಅದೇ ಅರಬ್ಬಿ ಪದ ಉರ್ದುವಿನ ಮೂಲಕ ನಮ್ಮ ಅಂಗಿಗೂ ಬಂದು ‘ಜೇಬು’ ಆಗಿ ಕುಳಿತಿದೆ. ಹತ್ತನೆಯ ತರಗತಿಯ ಪುಸ್ತಕದ ಒಂದು ಪಾಠದಲ್ಲಿ ಜ್ಯಾ, ಇನ್ನೊಂದು ಪಾಠದಲ್ಲಿ ಸೈನ್, ಓದುವವನ ಅಂಗಿಯಲ್ಲಿ ಜೇಬು! ಮೂವರೂ ಹೀಗೆ ನಂಟರು ಎಂದು ಒಮ್ಮೆ ಕೇಳಿದ ಹುಡುಗ ಸೈನ್ ಅನ್ನು ಮರೆಯುವುದು ಕಷ್ಟ.

ರಾಯಚೂರು ಸೀಮೆಗೆ ಇಂಥ ಭಾಷೆಯ ಕಸರತ್ತು ಹೊಸದೂ ಅಲ್ಲ. 1948ರವರೆಗೆ ಇದು ನಿಜಾಮರ ರಾಜ್ಯ. ಆಡಳಿತ ಭಾಷೆ ಉರ್ದು. ಆಗ ಶಾಲೆ ಕಲಿತವರು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕಗಳನ್ನು ಜಮಾ, ತಫ್ರೀಕ್, ಜರ್ಬ್, ತಕ್ಸೀಮ್ ಎಂದು ಕಲಿತರು. ಜರ್ಬ್ ಎಂದರೆ ಹೊಡೆತ. ಸಂಸ್ಕೃತದ ಹಳೆಯ ಗಣಿತದಲ್ಲಿ ಗುಣಾಕಾರಕ್ಕೆ ‘ಹನನ’, ‘ವಧ’ ಎಂಬ ಹೆಸರುಗಳೂ ಇವೆ. ಒಬ್ಬರು ಹೊಡೆದರು, ಇನ್ನೊಬ್ಬರು ಕೊಂದೇಬಿಟ್ಟರು. ಉತ್ತರ ಮಾತ್ರ ಒಂದೇ. ಸೊನ್ನೆಗೆ ಉರ್ದುವಿನಲ್ಲಿ ‘ಸಿಫರ್’; ನಮ್ಮ ಶೂನ್ಯವನ್ನು ಅರಬ್ಬರು ಸಿಫ್ರ್ ಎಂದು ತಮ್ಮ ಮಾತಿಗೆ ತಿರುಗಿಸಿದರು, ಅದರಿಂದಲೇ ಯುರೋಪಿನ ‘ಝೀರೋ’ ಹುಟ್ಟಿತು.

ಧನ, ಋಣ ಎಂಬ ಪದಗಳನ್ನು ರೈತರ ಮನೆಯ ಮಕ್ಕಳಿಗೆ ವಿವರಿಸಬೇಕೆ? ಇದ್ದದ್ದು ಧನ, ಸಾಲ ಋಣ. ಸಾಲ ತೀರಿದರೆ ಆಸ್ತಿ ಹೆಚ್ಚಿದಂತೆಯೇ. ಋಣವನ್ನು ಕಳೆದರೆ ಧನ ಕೂಡಿದಂತಾಗುವ ನಿಯಮ ಇಷ್ಟೇ. ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಶ್ರಯ ಪಡೆದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಋಣರಾಶಿ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಒಂಬತ್ತನೆಯ ಶತಮಾನದಲ್ಲೇ ಹೇಳಿದವನು ಅವನು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ತಪ್ಪೂ ಬರೆದ. ದೊಡ್ಡವರೂ ಸೊನ್ನೆಯಲ್ಲಿ ಎಡವಿದ್ದಾರೆಂದು ತಿಳಿದರೆ ಮಕ್ಕಳಿಗೆ ಎಷ್ಟೋ ಸಮಾಧಾನ. ಗುಣಿಸಿದಾಗ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಸಂಖ್ಯೆಗಳು ಅವನಿಗೆ ಅಚ್ಚುಮೆಚ್ಚು: 142857143ನ್ನು 7ರಿಂದ ಗುಣಿಸಿ, 27994681ನ್ನು 441ರಿಂದ ಗುಣಿಸಿ. ಕ್ಯಾಲ್ಕ್ಯುಲೇಟರ್ ಬೇಡ, ಕೈಯಲ್ಲೇ ಮಾಡಿದರೆ ಹಾರ ಪೋಣಿಸಿದ ಸುಖ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ.

ಹಟ್ಟಿ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ. ಹಳೆಯ ಗಣಿತದಲ್ಲಿ ಚಿನ್ನದ ಅಪ್ಪಟತನವನ್ನು ಅಳೆಯುವ ಮಾತು ‘ವರ್ಣ’. ಅಪ್ಪಟ ಚಿನ್ನ ಹದಿನಾರು ವರ್ಣ. ಬೀಜಗಣಿತದಲ್ಲೂ ವರ್ಣ ಬರುತ್ತದೆ, ಬೇರೆ ಕೆಲಸಕ್ಕೆ. ಗೊತ್ತಿಲ್ಲದ ಸಂಖ್ಯೆಗೆ ನಾವಿಂದು ಎಕ್ಸ್, ವೈ ಎನ್ನುವ ಕಡೆ ಹಿಂದಿನವರು ಕಾಲಕ, ನೀಲಕ, ಪೀತಕ ಎಂದು ಬಣ್ಣ ಹಚ್ಚುತ್ತಿದ್ದರು: ಕಪ್ಪು, ನೀಲಿ, ಹಳದಿ. ಎರಡು ಕಪ್ಪು, ಮೂರು ನೀಲಿ ಸೇರಿ ಹನ್ನೆರಡು ಎಂದರೆ ಎಂಟನೆಯ ತರಗತಿಯ ಮಗು ಹೆದರುವುದಿಲ್ಲ.

ಕೊನೆಗೆ ಸಿಂಧನೂರು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಇಲ್ಲಿ ‘ರಾಶಿ’ ಎಂದರೆ ಭಿನ್ನರಾಶಿಯಲ್ಲ, ಕಣದಲ್ಲಿ ಬಿದ್ದ ಕಾಳು. 1150ರಲ್ಲಿ ಭಾಸ್ಕರಾಚಾರ್ಯ ಬರೆದ ‘ಲೀಲಾವತಿ’ಯಲ್ಲಿ ‘ರಾಶಿ ವ್ಯವಹಾರ’ ಎಂಬ ಭಾಗವೇ ಇದೆ. ರಾಶಿಯ ಸುತ್ತ ಹಗ್ಗ ಹಿಡಿದು ಅಳೆ. ಅದರ ಆರರಲ್ಲೊಂದು ಪಾಲಿನ ವರ್ಗವನ್ನು ಎತ್ತರದಿಂದ ಗುಣಿಸು. ಘನ ಅಳತೆ ಬಂತು. ಎತ್ತರವನ್ನೂ ಅಳೆಯಬೇಕಿಲ್ಲ. ಭತ್ತದಂಥ ಮುಳ್ಳಿನ ಕಾಳಾದರೆ ಸುತ್ತಳತೆಯ ಒಂಬತ್ತರಲ್ಲೊಂದು, ದಪ್ಪ ಕಾಳಾದರೆ ಹತ್ತರಲ್ಲೊಂದು, ಸಣ್ಣ ಕಾಳಾದರೆ ಹನ್ನೊಂದರಲ್ಲೊಂದು. ಮುಳ್ಳಿನ ಕಾಳು ಒಂದನ್ನೊಂದು ಹಿಡಿದುಕೊಂಡು ಎತ್ತರ ನಿಲ್ಲುತ್ತದೆ, ನುಣುಪಾದ ಸಣ್ಣ ಕಾಳು ಜಾರಿ ಹರಡುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಣ್ಣು, ಮರಳಿನ ಇಳಿಜಾರಿನ ಕೋನವೆಂದು ಓದುವುದು ಇದನ್ನೇ.

ಸುತ್ತಳತೆ 18 ಮೊಳದ ಭತ್ತದ ರಾಶಿ ಇದೆಯೆನ್ನಿ. ಆರರಲ್ಲೊಂದು 3, ಅದರ ವರ್ಗ 9, ಎತ್ತರ 2. ಒಟ್ಟು 18 ಘನ ಮೊಳ. ಶಂಕುವಿನ ಇಂದಿನ ಸೂತ್ರ ಹಚ್ಚಿದರೆ ಸುಮಾರು 17.2 ಬರುತ್ತದೆ. ವ್ಯತ್ಯಾಸವೇಕೆ? ಇಲ್ಲಿ ಪೈ ಬೆಲೆಯನ್ನು ಬರೀ 3 ಎಂದು ಹಿಡಿದಿದೆ. 22/7 ಮತ್ತು 3927/1250 ಎಂಬ ಒಳ್ಳೆಯ ಬೆಲೆಗಳು ಭಾಸ್ಕರನಿಗೆ ಗೊತ್ತಿದ್ದವು, ಅದೇ ಪುಸ್ತಕದಲ್ಲಿ ಕೊಟ್ಟಿದ್ದಾನೆ. ಕಣದಲ್ಲಿ ಬಾಯಿಲೆಕ್ಕಕ್ಕೆ ಮೂರು ಸಾಕೆನಿಸಿರಬೇಕು. ಆದರೆ ಹಗ್ಗ ನೂರು ಚೀಲ ಎಂದಲ್ಲಿ ನಿಜವಾಗಿ ಇರುವುದು ತೊಂಬತ್ತೈದೂವರೆ. ಕೊಳ್ಳುವವನು ಹಗ್ಗವನ್ನು ನಂಬಿದರೆ ಕೆಟ್ಟ, ರೈತನಿಗೆ ಲಾಭ. ತೂಕದ ಕಟ್ಟೆಗಳ ಕಾಲದಲ್ಲಿ ಆ ಲಾಭ ಇಲ್ಲವೆನ್ನಿ.

ರಾಶಿ ಗೋಡೆಗೆ ಒರಗಿದ್ದರೆ? ಕಾಣುವ ಸುತ್ತಳತೆ 9 ಮೊಳವಾದರೆ ಎರಡರಿಂದ ಗುಣಿಸಿ 18 ಮಾಡಿಕೊಳ್ಳಬೇಕು, ಬಂದ ಉತ್ತರದಲ್ಲಿ ಅರೆ ತೆಗೆದುಕೊಳ್ಳಬೇಕು. ಕೋಣೆಯ ಒಳಮೂಲೆಯಲ್ಲಿ ಸುರಿದಿದ್ದರೆ ನಾಲ್ಕರಿಂದ ಗುಣಿಸಿ ಕಾಲು ಪಾಲು. ಮನೆಯ ಹೊರಮೂಲೆಯನ್ನು ಬಳಸಿ ಬಿದ್ದ ರಾಶಿಯ ಸುತ್ತ ಹಗ್ಗ ಹದಿಮೂರೂವರೆ ಮೊಳ ಬಂತು. ಅದನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಮತ್ತೆ 18. ಉತ್ತರದಲ್ಲಿ ಮುಕ್ಕಾಲು, ಅಂದರೆ ಹದಿಮೂರೂವರೆ ಘನ ಮೊಳ. ಹಗ್ಗವೂ ಹದಿಮೂರೂವರೆ, ಕಾಳೂ ಹದಿಮೂರೂವರೆ. ಹೀಗೆ ಎರಡೂ ಒಂದೇ ಆಗುವುದು 18ಕ್ಕೆ ಮಾತ್ರವೋ, ಬೇರೆ ಸುತ್ತಳತೆಗೂ ಆಗುತ್ತದೋ ಎಂಬುದನ್ನು ಮನೆಯಲ್ಲಿ ಅಪ್ಪ ಮಗಳು ಕೂತು ನೋಡಬಹುದು.